ಮಂಕಿ ಕ್ಯಾಪಿನೊಳಗೆ ಮೂರು ಮರಿಗಳು

ಬೆಂಗಳೂರಿನ ಚಳಿ ಅಂದ್ರೆ ದಿಲ್ಲಿ ಕಡೆಯವರು ನಗ್ತಾರೆ. 15 ಡಿಗ್ರಿಗೆಲ್ಲ ಸ್ವೆಟರ್ ಹಾಕ್ಕೊಂಡು, ಕಿವಿಗೆ ಹತ್ತಿ ತುರ್ಕೊಂಡು ಓಡಾಡ್ತೀರಲ್ಲ ಅಂತ. ನಗಲಿ ಬಿಡಿ. ನಾನೂ ಮಲೆನಾಡಿನವನು, ನನಗೂ ಈ ಊರಿನ ಚಳಿ ಒಂದು ಚಳಿ ಅಂತ ಅನ್ನಿಸಿರಲಿಲ್ಲ. ಆದರೆ ಇನ್ನೂರು ಗ್ರಾಂ ತೂಕದ ಜೀವಕ್ಕೆ ಅದೇ 15 ಡಿಗ್ರಿ ಅಂದ್ರೆ ಏನು ಅನ್ನೋದು 2024ರ ಡಿಸೆಂಬರಿನ ಮೊದಲ ವಾರದಲ್ಲಿ ಗೊತ್ತಾಯ್ತು.

ಆ ವರ್ಷ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತ್ತು. ಅಲ್ಲಿಯವರು ಪಟ್ಟ ಪಾಡಿನ ಮುಂದೆ ನಮ್ಮದು ಏನೂ ಅಲ್ಲ, ನಮಗೆ ತಾಗಿದ್ದು ಅದರ ಬಾಲ ಅಷ್ಟೇ. ಮಾರನೇ ದಿನ ಭಾನುವಾರ. ಇಡೀ ದಿನ ಮೋಡ, ಜಿಟಿಜಿಟಿ ಮಳೆ, ಮೂಳೆಗೆ ಇಳಿಯೋ ಥರದ ಗಾಳಿ. ಸೋಲಾರಿನಲ್ಲಿ ಬಿಸಿನೀರಿಲ್ಲ ಅಂತ ನಾನು, ನನ್ನ ರೂಮ್‌ಮೇಟ್ ಇಬ್ಬರೂ ಸ್ನಾನಕ್ಕೆ ರಜೆ ಕೊಟ್ಟು ಮಲಗಿದ್ದೆವು. ಅದೇ ಸೋಲಾರ್ ಟ್ಯಾಂಕಿನ ಅಡಿಯಲ್ಲಿ ಬೆಳಗಿನಿಂದ ಏನೋ ಕೀರಲು ದನಿ ಬರ್ತಾ ಇದೆ ಅಂತ ಕೆಳಗಿನ ಮನೆ ಓನರ್ ಆಂಟಿ ಬಂದು ಹೇಳಿದಾಗ ಸಂಜೆ ಐದೂವರೆ.

ಬೂದು ಬಣ್ಣದ ಬೆಕ್ಕೊಂದು ಟೆರೇಸಿನಲ್ಲಿ ಮರಿ ಹಾಕಿದೆ ಅನ್ನೋದು ನಮಗೆ ಮುಂಚೆಯೇ ಗೊತ್ತಿತ್ತು. ಜಾಗ ಆರಿಸಿಕೊಳ್ಳೋದರಲ್ಲಿ ಅದು ಜಾಣ ಬೆಕ್ಕು. ಸೋಲಾರ್ ಫಲಕದ ಹಿಂದೆ, ಬಿಸಿನೀರಿನ ಪೈಪು ಹಾದುಹೋಗೋ ಸಂದಿ. ಮೇಲೆ ಸೂರು, ಪಕ್ಕದಲ್ಲಿ ಬೆಚ್ಚನೆ ಪೈಪು. ಬಿಸಿಲಿದ್ದಷ್ಟು ದಿನ ಅರಮನೆ. ಬಿಸಿಲು ಹೋದ ದಿನ ಅದು ಬರೀ ಕಬ್ಬಿಣ ಮತ್ತು ಸಿಮೆಂಟು. ತಾಯಿ ಇದ್ದಿದ್ದರೆ ಬೇರೆ ಕಡೆಗೆ ಕಚ್ಚಿಕೊಂಡು ಹೋಗಿರೋದು. ಆದರೆ ಅದು ಹಿಂದಿನ ರಾತ್ರಿಯೇ ಮೇನ್ ರೋಡಿನಲ್ಲಿ ಗಾಡಿಗೆ ಸಿಕ್ಕಿತ್ತಂತೆ, ಬೆಳಿಗ್ಗೆ ಪೌರಕಾರ್ಮಿಕರು ಎತ್ತಿಕೊಂಡು ಹೋದರಂತೆ. ಹೂ ಮಾರೋ ಅಮ್ಮ ಹೇಳಿದ್ದು.

ಸಂದಿಯಲ್ಲಿ ಮೂರು ಮರಿ. ಎರಡು ಅಳ್ತಾ ಇದ್ದವು. ಮೂರನೆಯದು, ಎಲ್ಲಕ್ಕಿಂತ ಚಿಕ್ಕದು, ಅಳ್ತಾನೂ ಇರಲಿಲ್ಲ. ಕೈಗೆತ್ತಿಕೊಂಡರೆ ಫ್ರಿಜ್ಜಿನಿಂದ ತೆಗೆದ ಟೊಮೆಟೊ ಥರ ತಣ್ಣಗೆ. ಕಣ್ಣುಗಳೆಲ್ಲ ಹಳದಿ ಪಿಸುರಿನಿಂದ ಅಂಟಿಕೊಂಡಿದ್ದವು. ‘ಯಪ್ಪಾ, ಎಷ್ಟ ಸಣ್ಣ ಅದಾವಲೇ’ ಅಂದ ಹುಬ್ಬಳ್ಳಿಯ ನನ್ನ ರೂಮ್‌ಮೇಟು. ‘ತಡಿ, ಹಾಲ ಕಾಸತೇನಿ.’ ಅಷ್ಟರಲ್ಲಿ ಆಂಟಿ ಒಂದು ತಟ್ಟೆಯಲ್ಲಿ ಹಾಲು ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದೇಬಿಟ್ಟರು, ಮಂಡಿನೋವಿನಲ್ಲೂ. ಬೆಕ್ಕು ಕಂಡರಾಗದು ಅಂತ ವರ್ಷವಿಡೀ ಹೇಳ್ಕೊಂಡು ಬಂದವರು!

ನೋಡಿ, ಹಸಿದ ಮರಿ ಕಂಡ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು ಹಾಲು. ಬೆಕ್ಕು ಅಂದರೆ ಹಾಲು, ಹಾಲು ಅಂದರೆ ಬೆಕ್ಕು. ತೆನಾಲಿ ರಾಮಕೃಷ್ಣನ ಬೆಕ್ಕೊಂದನ್ನು ಬಿಟ್ಟು ಬೇರೆ ಯಾವ ಬೆಕ್ಕೂ ಹಾಲು ಬೇಡ ಅಂದಿದ್ದು ನಾವು ಕೇಳಿಲ್ಲ. ಆದರೆ ನಮ್ಮ ಟೀಮಿನಲ್ಲಿ ಬೆಕ್ಕು ಸಾಕೋ ಹುಡುಗಿಯೊಬ್ಬಳಿದ್ದಾಳೆ, ಅವಳಿಗೆ ಆಗಲೇ ಫೋನ್ ಮಾಡಿದ್ದೆ. ಅವಳು ಹಲೋ ಕೂಡ ಹೇಳದೆ ಕೇಳಿದ್ದು ಒಂದೇ: ‘ಮೈ ತಣ್ಣಗಿದೆಯಾ, ಬೆಚ್ಚಗಿದೆಯಾ?’ ತಣ್ಣಗಿದೆ ಅಂದೆ. ‘ಹಂಗಾದ್ರೆ ಬಾಯಿಗೆ ಒಂದು ಹನಿ ಏನೂ ಹಾಕ್ಬೇಡ. ಮೊದಲು ಬೆಚ್ಚಗೆ ಮಾಡು, ಡಾಕ್ಟರ್ ಹತ್ರ ಹೋಗು.’

ಮಂಡಿನೋವಿನಲ್ಲಿ ಹತ್ತಿ ಬಂದವರ ಕೈಯಲ್ಲಿನ ಹಾಲನ್ನು ಬೇಡ ಅನ್ನೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರಬಹುದು. ‘ಉಪವಾಸ ಸಾಯಿಸ್ತೀಯೇನಪ್ಪ ಅವನ್ನ?’ ಅಂದರು. ಉತ್ತರ ಹೇಳೋಕೆ ಟೈಮಿರಲಿಲ್ಲ. ಹಾಕಿಕೊಳ್ಳೋಕೆ ಬೆಚ್ಚನೆಯದು ಏನಾದರೂ ಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ಊರಿಂದ ಅಮ್ಮ ಕಟ್ಟಿ ಕಳಿಸಿದ್ದ ಮಂಕಿ ಕ್ಯಾಪು. ಬೆಂಗಳೂರಿಗೆ ಬಂದ ಮೇಲೆ ನಾನು ಅದನ್ನು ಒಂದು ಸಲವೂ ತಲೆಗೆ ಹಾಕಿರಲಿಲ್ಲ (ಮಾನ ಮರ್ಯಾದೆ ಪ್ರಶ್ನೆ :-) ). ಮೂರನ್ನೂ ಅದರೊಳಗೆ ಇಳಿಸಿ, ಜಾಕೆಟ್ಟಿನೊಳಗೆ ಎದೆಗೆ ಒತ್ತಿಕೊಂಡು ಗಾಡಿ ಹತ್ತಿದೆ.

ಭಾನುವಾರ ತೆರೆದಿದ್ದ ಕ್ಲಿನಿಕ್ ಸಿಗೋ ಹೊತ್ತಿಗೆ ಏಳೂಕಾಲು. ಡಾಕ್ಟರ್ ಮೇಡಂ ಥರ್ಮಾಮೀಟರ್ ಇಟ್ಟು ನೋಡಿದರು. ದೊಡ್ಡವೆರಡು 35ರ ಆಸುಪಾಸು, ಚಿಕ್ಕದು 33.6. ಆ ವಯಸ್ಸಿನ ಮರಿಗೆ 37, 38 ಇರಬೇಕಂತೆ. ‘ಏನಾದ್ರೂ ಕುಡ್ಸಿದ್ರಾ?’ ಇಲ್ಲ ಮೇಡಂ. ‘ಒಳ್ಳೇದಾಯ್ತು.’ ಹಲ್ಲು ನೋಡಿ, ಕಿವಿ ನೋಡಿ, ಮೂರು ವಾರದವು ಅಂದರು. ಬೆಕ್ಕುಗಳ ಶೀತಜ್ವರ ಆಗಲೇ ಹಿಡಿದಿದೆ ಅಂತಲೂ ಅಂದರು. ಹರ್ಪಿಸ್ ಮತ್ತು ಕ್ಯಾಲಿಸಿ ಅಂತ ಎರಡು ವೈರಸ್ಸುಗಳು, ಹೆಚ್ಚಿನಂಶ ಅವುಗಳದ್ದೇ ಕೆಲಸ. ನಮಗೆ ಅಂಟೋದಿಲ್ಲ, ನಾಯಿಗೂ ಅಂಟೋದಿಲ್ಲ, ಬೆಕ್ಕಿನಿಂದ ಬೆಕ್ಕಿಗೆ ಮಾತ್ರ.

ಹಾಲು ಯಾಕೆ ಬೇಡ ಅನ್ನೋದನ್ನ ಮೇಡಂ ಚಿಕ್ಕದಾಗಿ ಹೇಳಿದರು, ನಾನು ಮನೆಗೆ ಬಂದು ಆಂಟಿಗೆ ದೊಡ್ಡದಾಗಿ ಹೇಳಿದೆ. ಮೈ ತಣ್ಣಗಾದಾಗ ಕರುಳು ಕೆಲಸ ನಿಲ್ಲಿಸಿಬಿಡುತ್ತೆ. ಕುಡಿಸಿದ ಹಾಲು ಅರಗದೆ ಹೊಟ್ಟೆಯಲ್ಲೇ ಕೂತು ಕೆಡುತ್ತೆ. ಅದಕ್ಕಿಂತ ಹೆಚ್ಚಿನ ಅಪಾಯ ಅಂದರೆ ತಣ್ಣಗಾದ ಮರಿಗೆ ಸರಿಯಾಗಿ ನುಂಗೋ ಶಕ್ತಿಯೂ ಇರೋದಿಲ್ಲ, ಹಾಲು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತೆ. ಆಮೇಲೆ ನ್ಯುಮೋನಿಯಾ. ಹಾಗಾಗಿ ಮೊದಲು ಬಿಸಿ, ಆಮೇಲೆ ಹಾಲು. ಅದೂ ಹಸುವಿನ ಹಾಲಲ್ಲ. ಹಸುವಿನ ಹಾಲಿನಲ್ಲಿ ಪ್ರೋಟೀನು ಶೇ. 3ರಿಂದ 3.5, ಬೆಕ್ಕಿನ ಹಾಲಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಕುಡಿದರೆ ಹೊಟ್ಟೆ ತುಂಬಬಹುದು, ಮೈ ತುಂಬೋದಿಲ್ಲ. ಲ್ಯಾಕ್ಟೋಸ್ ಅರಗದೆ ಭೇದಿ ಶುರುವಾದರೆ ಇನ್ನೂರು ಗ್ರಾಂ ಮರಿಯಲ್ಲಿ ಕಳೆದುಕೊಳ್ಳೋಕೆ ನೀರಾದರೂ ಎಷ್ಟಿರುತ್ತೆ? ಬೆಕ್ಕಿನ ಮರಿಗಳಿಗೆ ಅಂತಲೇ ಹಾಲಿನ ಪುಡಿ ಸಿಗುತ್ತೆ, ಕ್ಲಿನಿಕ್ಕಿನಿಂದಲೇ ತಂದೆ. ಆಂಟಿ ಎಲ್ಲ ಕೇಳಿ, ‘ನಮ್ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಪ್ಪ’ ಅಂದು ಆ ಹಾಲನ್ನು ತಮ್ಮ ಕಾಫಿಗೇ ಹಾಕ್ಕೊಂಡರು.

ಆ ರಾತ್ರಿಯ ಕೆಲಸ ಬಿಸಿ ಮಾಡೋದು. ಕೇಳೋಕೆ ಸುಲಭ. ಊರಲ್ಲಾಗಿದ್ದರೆ ಕೋಳಿಮರಿಗೆ ಇಡುವಂತೆ ಒಂದು 60 ವಾಟಿನ ಬಲ್ಬು ತೂಗುಹಾಕಬಹುದಿತ್ತು. ಈಗ ಮನೆತುಂಬ ಎಲ್‌ಇಡಿ. ಕರೆಂಟು ಉಳಿಸುತ್ತೆ ನಿಜ, ಉಳಿಸೋದೇ ಬಿಸಿಯಾಗದೆ ಇರೋದರಿಂದ. ಅಂಗಡಿಯಲ್ಲಿ ಹಳೇ ಬಲ್ಬು ಕೇಳಿದರೆ ಹುಡುಗ ನನ್ನನ್ನೇ ಹಳೇ ಕಾಲದವನ ಥರ ನೋಡಿದ. ಕೊನೆಗೆ ಎರಡು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ರಟ್ಟಿನ ಡಬ್ಬದ ಒಂದು ಬದಿಗೆ ಮಾತ್ರ ಇಟ್ಟೆವು. ಇನ್ನೊಂದು ಬದಿ ತಣ್ಣಗಿರಬೇಕು, ಸೆಕೆಯಾದರೆ ಮರಿ ಅತ್ತ ತೆವಳಿಕೊಂಡು ಹೋಗೋಕೆ. ಒಮ್ಮೆಗೇ ಜೋರಾಗಿ ಬಿಸಿ ಮಾಡೋದೂ ಅಪಾಯವೇ, ನಿಧಾನಕ್ಕೆ ಗಂಟೆ ಎರಡು ಗಂಟೆ ಹಿಡಿದು ಏರಿಸಬೇಕು. ಬಾಟಲಿ ಆರಿತೋ, ಅದೇ ಉಲ್ಟಾ ಮರಿಯ ಮೈಯ ಬಿಸಿ ಹೀರೋಕೆ ಶುರುಮಾಡುತ್ತೆ. ಹಾಗಾಗಿ ಎರಡು ಗಂಟೆಗೊಮ್ಮೆ ನೀರು ಬದಲು.

ಇಷ್ಟೊಂದು ಯಾಕೆ ಅಂದರೆ, ಕುದಿಯೋ ಸಾಂಬಾರನ್ನು ನೆನೆಸಿಕೊಳ್ಳಿ. ಪಾತ್ರೆಯಲ್ಲಿದ್ದದ್ದು ಗಂಟೆಯಾದರೂ ಬಿಸಿ. ತಟ್ಟೆಗೆ ಬಿದ್ದ ಒಂದು ಚಮಚ? ಅನ್ನ ಕಲಸೋಷ್ಟರಲ್ಲಿ ಆರಿ ಹೋಗಿರುತ್ತೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಬಿಸಿ ಸೋರಿಹೋಗೋ ಬಾಗಿಲು ಜಾಸ್ತಿ. ಹುಟ್ಟಿದ ಮೊದಲ ವಾರವಂತೂ ಬೆಕ್ಕಿನ ಮರಿಗೆ ನಡುಗೋಕೂ ಬರೋದಿಲ್ಲ. ನಡುಕ ಅಂದರೆ ಸ್ನಾಯುಗಳು ದುಡಿದು ಬಿಸಿ ಹುಟ್ಟಿಸೋದು, ಆ ಯಂತ್ರವೇ ಇನ್ನೂ ಚಾಲೂ ಆಗಿರೋದಿಲ್ಲ. ಹಾಗಾಗಿ ಅವು ಒಂದರ ಮೇಲೊಂದು ಬಿದ್ದು ಉಂಡೆಯಾಗಿ ಮಲಗ್ತವೆ. ಮೂರು ಚಿಕ್ಕ ಮೈ ಸೇರಿ ಒಂದು ದೊಡ್ಡ ಮೈ. ಅಂಚಿನಲ್ಲಿದ್ದದ್ದಕ್ಕೆ ಚಳಿಯಾದರೆ ನಡುವಿಗೆ ನುಗ್ಗುತ್ತೆ, ನಡುವಿನದ್ದು ಅಂಚಿಗೆ ಬರುತ್ತೆ. ಸರದಿ ಪ್ರಕಾರ ಅನ್ನಬಹುದಿತ್ತು, ಆದರೆ ಸರದಿ ಅಲ್ಲ, ಶಕ್ತಿ ಇದ್ದವರದ್ದು ನಡುವಿನ ಜಾಗ.

ಹೆಸರಿಡದೆ ತೂಕ ಬರೆದಿಡೋದು ಹೇಗೆ? ಎಕ್ಸೆಲ್ ಶೀಟಿಗೆ ಬೇಕಲ್ಲ. ಸೊನ್ನೆ, ಒಂದು, ಎರಡು ಅಂತ ಇಟ್ಟೆ. (ನಮ್ಮ ಕಸುಬಿನಲ್ಲಿ ಎಣಿಕೆ ಶುರುವಾಗೋದು ಸೊನ್ನೆಯಿಂದ, ಗೊತ್ತಲ್ಲ.) ಚಿಕ್ಕದು ಸೊನ್ನೆ. ಅಡುಗೆಮನೆ ತಕ್ಕಡಿಯಲ್ಲಿ ಆ ರಾತ್ರಿ ಸೊನ್ನೆ 178 ಗ್ರಾಂ, ಒಂದು 214, ಎರಡು 231. ಆ ವಯಸ್ಸಿಗೆ ಮುನ್ನೂರರ ಹತ್ತಿರ ಇರಬೇಕಿತ್ತು, ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು ಅಂತ ಮೇಡಂ ಹೇಳಿದ್ದರು.

ಹತ್ತೂವರೆಗೆ ಒಂದು ಮತ್ತು ಎರಡರ ಮೈ ಬೆಚ್ಚಗಾಯ್ತು, ಕೂಡಲೇ ಕಿರುಚಾಟ ಶುರು. ಸೂಜಿ ತೆಗೆದ ಸಿರಿಂಜಿನಲ್ಲಿ ಹನಿಹನಿ ಹಾಲು. ನೂರು ಗ್ರಾಂ ತೂಕಕ್ಕೆ ಒಂದು ಸಲಕ್ಕೆ ನಾಲ್ಕು ಎಂಎಲ್ ಲೆಕ್ಕ, ಮೂರು ಗಂಟೆಗೊಮ್ಮೆ. ನಮ್ಮ ಮಕ್ಕಳಿಗೆ ಕುಡಿಸೋ ಹಾಗೆ ಅಂಗಾತ ಮಲಗಿಸಿಕೊಂಡು ಕುಡಿಸಬಾರದು, ತಾಯಿ ಹತ್ತಿರ ಕುಡಿಯೋ ಹಾಗೇ ಹೊಟ್ಟೆ ಕೆಳಗಾಗಿ ಕೂರಿಸಬೇಕು. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಬೇಕು, ತಾಯಿ ನೆಕ್ಕೋದರ ಬದಲಿಗೆ. ಹಾಗೆ ಮಾಡದಿದ್ದರೆ ಇಷ್ಟು ಸಣ್ಣ ಮರಿಗಳಿಗೆ ಎಷ್ಟೋ ಸಲ ಉಚ್ಚೆ ಕೂಡ ತಾನಾಗಿ ಆಗೋದಿಲ್ಲ. ಆ ಕೆಲಸ ರೂಮ್‌ಮೇಟಿನದ್ದು. ‘ಬಿ.ಇ. ಮಾಡಿ ಇದನ್ನ ಮಾಡೂದಾತ ನೋಡ ನಸೀಬ’ ಅಂತ ಗೊಣಗಿದ. ಆದರೂ ಮೂರು ಗಂಟೆ ಅಲಾರಮ್ಮಿಗೆ ನನಗಿಂತ ಮೊದಲು ಏಳ್ತಿದ್ದವನು ಅವನೇ.

ಸೊನ್ನೆಯ ಮೈ ಬಿಸಿಯಾಗಿದ್ದು ರಾತ್ರಿ ಒಂದರ ಮೇಲೆ. ಎರಡು ಎಂಎಲ್ ಕುಡಿಯಿತು. ನನ್ನ ಹೆಬ್ಬೆರಳನ್ನು ಎರಡು ಮುಂಗಾಲಿನಿಂದ ಒತ್ತಿತು, ತಾಯಿಯ ಹೊಟ್ಟೆ ಒತ್ತೋ ಹಾಗೆ. ಇನ್ನು ಪರವಾಗಿಲ್ಲ ಅಂದುಕೊಂಡು ಮಲಗಿದೆವು.

ಸೋಮವಾರ ಮನೆಯಿಂದಲೇ ಕೆಲಸ. ಬೆಳಗಿನ ಕಾಲ್‌ನಲ್ಲಿ ಕ್ಯಾಮೆರಾ ಆಫ್, ಸೊನ್ನೆ ಜಾಕೆಟ್ಟಿನೊಳಗೆ. ‘ಯಾರ ಮೈಕಿನಿಂದ ಅದು ಸೌಂಡು?’ ಅಂತ ಮ್ಯಾನೇಜರ್ ಕೇಳಿದಾಗ ನಾನು ಮ್ಯೂಟ್ ಒತ್ತಿ ಸುಮ್ಮನಿದ್ದೆ.

ಸಲಹೆಗಳಿಗೆ ಬರ ಇರಲಿಲ್ಲ. ಮೂಗು ಕಟ್ಟಿದೆಯಲ್ಲ, ಸ್ವಲ್ಪ ವಿಕ್ಸ್ ಹಚ್ಚು ಅಂದರು ಆಂಟಿ. ಕರ್ಪೂರ, ನೀಲಗಿರಿ ಎಣ್ಣೆ ಎರಡೂ ಬೆಕ್ಕಿಗೆ ವಿಷ. ಜ್ವರಕ್ಕೆ ಕಾಲು ಮಾತ್ರೆ ಕ್ರೋಸಿನ್ ಅರೆದು ಹಾಕಿದರೆ ಹೇಗೆ ಅಂದ ಎದುರುಮನೆಯವರು. ಇದನ್ನಂತೂ ದಯವಿಟ್ಟು ನೆನಪಿಟ್ಟುಕೊಳ್ಳಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ಯಾವತ್ತೂ ಕೂಡದು. ಅದನ್ನು ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ದೊಡ್ಡ ಬೆಕ್ಕನ್ನೂ ಅರ್ಧ ಮಾತ್ರೆ ಕೊಲ್ಲಬಹುದು.

ಅಮ್ಮ ಮಾತ್ರ ಯಾವ ಸಲಹೆಯನ್ನೂ ಕೊಡಲಿಲ್ಲ. ‘ನಾವೆಂತ ಮಾಡಿದ್ವಿ ಅಪ್ಪಿ ಅವಕ್ಕೆ? ಎಲ್ಲಾ ಅದೇ ಮಾಡ್ಕಳ್ತಿತ್ತು’ ಅಂದಳು. ನಿಜ. ಸಾಗರದ ಹತ್ತಿರ ನಮ್ಮ ಹಳ್ಳಿಮನೆಯಲ್ಲಿ ಬೆಕ್ಕು ಅಟ್ಟದ ಮೇಲೆ ಹುಲ್ಲಿನಲ್ಲಿ ಮರಿ ಹಾಕೋದು. ಆಮೇಲೆ ಬತ್ತದ ಪಣತದ ಹಿಂದೆ. ಚಳಿ ಜೋರಾದರೆ ಬಚ್ಚಲೊಲೆಯ ಪಕ್ಕ. ರಾತ್ರಿಯಿಡೀ ಬೂದಿಯೊಳಗೆ ಕೆಂಡ ಇರ್ತಿತ್ತಲ್ಲ, ಬೆಳಿಗ್ಗೆ ನೋಡಿದರೆ ತಾಯಿ ಮಕ್ಕಳೆಲ್ಲ ವಿಭೂತಿ ಬಳಿದುಕೊಂಡ ಸನ್ಯಾಸಿಗಳು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತ ಅಜ್ಜಿ ಹೇಳ್ತಿದ್ದಳು, ಆ ಏಳೂ ಮನೆ ನಮ್ಮ ಮನೆಯೊಳಗೇ ಇದ್ದವು. ಶರಣಾಗತಿ ಅಂದರೇನು ಅಂತ ಹೇಳೋಕೆ ಶ್ರೀವೈಷ್ಣವರು ಮಾರ್ಜಾಲ ನ್ಯಾಯ ಅಂತ ಹೇಳ್ತಾರೆ. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡೀಬೇಕು, ಬೆಕ್ಕಿನ ಮರಿ ಏನೂ ಮಾಡೋದು ಬೇಡ, ತಾಯಿಯೇ ಕಚ್ಚಿಕೊಂಡು ಹೋಗುತ್ತೆ. ಕತ್ತು ಹಿಡಿದು ಎತ್ತಿದರೆ ಮರಿ ಮೈ ಸಡಿಲ ಬಿಟ್ಟು ಜೋತುಬೀಳುತ್ತೆ, ಅಷ್ಟೇ ಅದರ ಪಾಲಿನ ಕೆಲಸ. ಓದುವಾಗ ಚೆನ್ನಾಗಿತ್ತು. ರಾತ್ರಿ ಮೂರು ಗಂಟೆಗೆ ಬಾಟಲಿಗೆ ನೀರು ಕಾಯಿಸ್ತಾ ನಿಂತವನಿಗೆ ಆ ತಾಯಿಯ ಕಡೆಯ ಲೆಕ್ಕ ಅರ್ಥವಾಗುತ್ತೆ.

ಮಂಗಳವಾರ ಒಂದು 222, ಎರಡು 249. ಸೊನ್ನೆ 171. ಮತ್ತೆ ಕ್ಲಿನಿಕ್ಕು. ಚರ್ಮದ ಕೆಳಗೆ ಬೆಚ್ಚನೆ ಸಲೈನ್ ಕೊಟ್ಟರು, ಒಸಡಿಗೆ ಗ್ಲೂಕೋಸ್ ಸವರಿದರು. ಒಸಡು ಬಿಳಿಚಿಕೊಂಡಿತ್ತು. ‘ನೋಡೋಣ’ ಅಂದರು ಮೇಡಂ. ಡಾಕ್ಟರುಗಳ ‘ನೋಡೋಣ’ ನಮಗೆಲ್ಲ ಗೊತ್ತಿರೋದೇ. ಬುಧವಾರ ಸೊನ್ನೆ 166. ಪ್ರತಿ ಸಲ ಬಾಟಲಿ ಬದಲಿಸುವಾಗ ಅದನ್ನು ಉಂಡೆಯ ನಡುವೆ ಇಡ್ತಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅಂಚಿಗೆ ಬಂದಿರ್ತಿತ್ತು. ಉಳಿದೆರಡರದ್ದೂ ತಪ್ಪಲ್ಲ, ಅವಕ್ಕೂ ಚಳಿ. ರಾತ್ರಿ ಹನ್ನೊಂದರ ನಂತರ ಅದನ್ನು ಬೇರೆ ಮಾಡಿ ಮಂಕಿ ಕ್ಯಾಪಿನಲ್ಲಿ ಹಾಕಿ ಎದೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತೆ. ಹಾಲು ಬೇಡ ಅಂತು. ಗುರುವಾರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಒಂದೆರಡು ಸಲ ಬಾಯಿ ತೆರೆದು ಉಸಿರೆಳೆಯಿತು. ಆಮೇಲೆ ಇಲ್ಲ. ಮೈ ಮಾತ್ರ ನನ್ನ ಬಿಸಿಗೆ ಬೆಚ್ಚಗೇ ಇತ್ತು, ಹಾಗಾಗಿ ತುಂಬ ಹೊತ್ತು ನನಗೆ ನಂಬಿಕೆಯೇ ಬರಲಿಲ್ಲ.

ಬಾಡಿಗೆ ಮನೆಯ ಎರಡನೇ ಮಹಡಿ, ಹೂಳೋಕೆ ಮಣ್ಣು ಎಲ್ಲಿಂದ ತರೋದು? ಆರು ಗಂಟೆಗೆ ಕೆಳಗೆ ಹೋಗಿ ಬಾಗಿಲು ಬಡಿದೆ. ಆಂಟಿ ನನ್ನ ಕೈ ನೋಡಿದರು, ಏನೂ ಕೇಳಲಿಲ್ಲ. ಕಾಂಪೌಂಡಿನ ಮೂಲೆಯ ದಾಸವಾಳದ ಗಿಡ ತೋರಿಸಿದರು. ಅಂಕಲ್ ಹಾರೆ ತಂದುಕೊಟ್ಟರು.

ಮೇಲೆ ಬಂದರೆ ಡಬ್ಬದಲ್ಲಿ ಮೂರರ ಉಂಡೆ ಎರಡರದ್ದಾಗಿತ್ತು. ಉಂಡೆ ಚಿಕ್ಕದಾದರೆ ಬಿಸಿ ಬೇಗ ಹೋಗುತ್ತೆ. ಇನ್ನೊಂದು ಬಾಟಲಿ ಸೇರಿಸಿದೆವು. ಎಕ್ಸೆಲ್ಲಿನಲ್ಲಿ ಆ ದಿನದ ಸೊನ್ನೆಯ ಮನೆ ಖಾಲಿ ಬಿಟ್ಟೆ. ಹೀಗೆ ಕರಗಿ ಹೋಗೋ ಮರಿಗಳಿಗೆ ‘ಫೇಡಿಂಗ್ ಕಿಟನ್’ ಅಂತಾರೆ ಅಂತ ಮೇಡಂ ಹೇಳಿದರು. ಅದು ಒಂದು ರೋಗದ ಹೆಸರಲ್ಲ. ಚಳಿ, ಸೋಂಕು, ಹುಳ, ಹುಟ್ಟಿನ ದೋಷ, ಯಾವುದರಿಂದ ಹೋದರೂ ನೋಡೋಕೆ ಒಂದೇ ಥರ ಇರುತ್ತಾದ್ದರಿಂದ ಎಲ್ಲದಕ್ಕೂ ಸೇರಿಸಿ ಒಂದು ಹೆಸರು. ನನಗಂತೂ ಆ ಹೆಸರಿನಿಂದ ಏನೂ ತಿಳಿದಂತಾಗಲಿಲ್ಲ.

ದುಃಖ ಪಡೋಕೆ ಪುರುಸೊತ್ತೂ ಸಿಗಲಿಲ್ಲ. ಶುಕ್ರವಾರ ಒಂದರ ಮೂಗು ಪೂರ್ತಿ ಕಟ್ಟಿ ಅದೂ ಹಾಲು ಬಿಟ್ಟಿತು. ಬೆಕ್ಕು ಊಟ ಮಾಡೋದು ಮೂಗಿನಿಂದ. ವಾಸನೆ ಬರಲಿಲ್ಲ ಅಂದರೆ ಎದುರಿಗಿರೋದು ಆಹಾರ ಅಂತಲೇ ಅದಕ್ಕೆ ಅನ್ನಿಸೋದಿಲ್ಲ. ಬಚ್ಚಲುಮನೆ ಬಾಗಿಲು ಹಾಕಿ, ಗೀಸರಿನ ಬಿಸಿನೀರನ್ನು ಬಕೆಟ್ಟಿಗೆ ಬಿಟ್ಟು, ಆ ಹಬೆಯಲ್ಲಿ ಮರಿ ಹಿಡ್ಕೊಂಡು ಹತ್ತು ನಿಮಿಷ ಕೂರೋದು. ಮೂಗು ಸಡಿಲವಾದ ಕೂಡಲೇ ಒರೆಸಿ, ಹಾಲನ್ನು ಇನ್ನೊಂಚೂರು ಬೆಚ್ಚಗೆ ಮಾಡಿ ಕೊಡೋದು, ಬೆಚ್ಚಗಿದ್ದರೆ ವಾಸನೆ ಏಳುತ್ತಲ್ಲ. ಕಣ್ಣಿಗೆ ಸಲೈನಿನಲ್ಲಿ ಅದ್ದಿದ ಹತ್ತಿ, ಒಂದು ಕಣ್ಣಿಗೆ ಮುಟ್ಟಿಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸದೆ. ಆಮೇಲೆ ಡ್ರಾಪ್ಸ್. ಮೇಲಿಂದ ಆ್ಯಂಟಿಬಯಾಟಿಕ್, ಅದು ವೈರಸ್ಸಿಗಲ್ಲ, ವೈರಸ್ ತೆರೆದ ಬಾಗಿಲಿನಿಂದ ಒಳಗೆ ಬರೋ ಬ್ಯಾಕ್ಟೀರಿಯಾಗಳಿಗೆ. ದಿನಕ್ಕೆ ನಾಲ್ಕು ಸಲ ಇದೇ ಪೂಜೆ. ಭಾನುವಾರ ಮೋಡ ಹರಿದು ಬಿಸಿಲು ಬಂತು. ಡಬ್ಬವನ್ನು ಕಿಟಕಿ ಹತ್ತಿರ ಎಳೆದೆವು. ಮಧ್ಯಾಹ್ನದ ಹೊತ್ತಿಗೆ ಒಂದು ತಾನಾಗಿಯೇ ಸಿರಿಂಜು ಕಚ್ಚಿತು. ಅವತ್ತಿನ ತೂಕ 219, ಮಾರನೇ ದಿನ 231. ರೂಮ್‌ಮೇಟು ತಕ್ಕಡಿಯ ಫೋಟೊ ತೆಗೆದು ಅವರ ಮನೆಯವರಿಗೆಲ್ಲ ಕಳಿಸಿದ, ಮರಿಯದ್ದಲ್ಲ, ಬರೀ ತಕ್ಕಡಿಯದ್ದು :-)

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೀನಿ. ಜನವರಿಯಲ್ಲಿ ಎಂಟು ವಾರ ತುಂಬಿದಾಗ ಮೊದಲ ಲಸಿಕೆ ಆಯ್ತು. ನೀಲಿ ಕಣ್ಣು ಹಸಿರಿಗೆ ತಿರುಗಿತು. ಎರಡನ್ನು ಟೀಮಿನ ಆ ಹುಡುಗಿಯೇ ಕರ್ಕೊಂಡು ಹೋದಳು, ಅಲ್ಲಿ ಅದು ಸೋಫಾ ಹರೀತಾ ಸುಖವಾಗಿದೆ. ಒಂದು ನಮ್ಮಲ್ಲೇ ಉಳಿಯಿತು. ಅದರ ಎಡಗಣ್ಣಿನ ಮೇಲೆ ಹಾಲು ಚೆಲ್ಲಿದ ಹಾಗೆ ಒಂದು ಬಿಳಿ ಕಲೆ ಇದೆ, ಅದು ಹೋಗೋದಿಲ್ಲವಂತೆ. ಸೋಲಾರ್ ಸಂದಿಗೆ ಜಾಲರಿ ಹೊಡೆಸ್ತೀನಿ ಅಂತ ಅಂಕಲ್ ಅಳತೆ ತಗೊಂಡಿದ್ದರು. ಆಂಟಿ ಬೇಡ ಅಂದರು. ಈಗ ಅಲ್ಲಿ ಮೀನಂಗಡಿಯಿಂದ ತಂದು ತೊಳೆದ ಥರ್ಮಾಕೋಲ್ ಡಬ್ಬವೊಂದಿದೆ, ಪಕ್ಕಕ್ಕೆ ಬೆಕ್ಕು ನುಗ್ಗೋಷ್ಟು ತೂತು ಕೊರೆದದ್ದು, ಒಳಗೆ ಒಣಹುಲ್ಲು. ಬಟ್ಟೆ ಹಾಕಬಾರದು, ಒದ್ದೆಯಾದರೆ ಆರೋದಿಲ್ಲ.

ಹರ್ಪಿಸ್ ವೈರಸ್ ಒಮ್ಮೆ ಮೈಸೇರಿದರೆ ಪೂರ್ತಿ ಬಿಟ್ಟುಹೋಗೋದಿಲ್ಲ, ನರಗಳಲ್ಲಿ ಎಲ್ಲೋ ಅಡಗಿ ಕೂತಿರುತ್ತೆ. ಹಾಗಾಗಿ ಚಳಿ ಬಿದ್ದಾಗ, ಅಥವಾ ನಾನು ಒಂದು ವಾರ ಊರಿಗೆ ಹೋಗಿ ಬಂದಾಗ, ಒಂದಕ್ಕೆ ಎರಡು ದಿನ ಸೀನು, ಎಡಗಣ್ಣಲ್ಲಿ ನೀರು. ಮಂಕಿ ಕ್ಯಾಪು ಎರಡು ಸಲ ಒಗೆದರೂ ಅದರದ್ದೇ ಆಸ್ತಿ. ರಾತ್ರಿ ನನಗೆ ಎಚ್ಚರವಾಗದಿದ್ದರೂ ಪಕ್ಕದ ರೂಮಿನಿಂದ ದನಿ ಬರುತ್ತೆ: ‘ಏಳಲೇ, ನಿನ್ನ ಮಗಳ ಸೀನಾಕತ್ತಾಳ ನೋಡ. ನೀರ ಕಾಯಾಕ ಇಟ್ಟೇನಿ.’